ಅಡುಗೆಮನೆಯ ಕೆಲಸವನ್ನು ಹಂಚಿಕೊಟ್ಟ ಬಾಣಸಿಗ: ಓಗುಸ್ಟ್ ಎಸ್ಕೋಫಿಯೇ ಯಾರು, ಅವರು ಮಾಡಿದ್ದೇನು?

ಟಿ.ವಿ.ಯ ಅಡುಗೆ ಸ್ಪರ್ಧೆಗಳನ್ನೂ ದೊಡ್ಡ ಹೋಟೆಲುಗಳ ಒಳಮನೆಯ ಬದುಕನ್ನು ತೋರಿಸುವ ವೆಬ್ ಸರಣಿಗಳನ್ನೂ ನೋಡುವವರು ಹೆಚ್ಚಿದಂತೆಲ್ಲ ಸೂ ಶೆಫ್, ಬ್ರಿಗೇಡ್, ಮದರ್ ಸಾಸ್, ಆ ಲಾ ಕಾರ್ಟ್ ಮುಂತಾದ ಮಾತುಗಳು ಕನ್ನಡಿಗರ ಕಿವಿಗೂ ಬೀಳತೊಡಗಿವೆ. ಮಗನೋ ಮಗಳೋ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಪಂಚತಾರಾ ಹೋಟೆಲಿಗೋ ಪ್ರವಾಸಿ ಹಡಗಿಗೋ ಕೆಲಸಕ್ಕೆ ಸೇರಿದ ಮನೆಗಳಲ್ಲಿ ‘ಕಮಿ ಟೂ’, ‘ಸಿಡಿಪಿ’ ಎಂಬ ಹುದ್ದೆಯ ಹೆಸರುಗಳು ದಿನಬಳಕೆಯ ಮಾತಾಗಿವೆ. ಆದರೆ ಇವುಗಳ ಅರ್ಥವೇನು, ಇವೆಲ್ಲ ಫ್ರೆಂಚ್ ಭಾಷೆಯಲ್ಲೇ ಏಕಿವೆ ಎಂದು ಕೇಳಿದರೆ ಉತ್ತರ ಸುಲಭಕ್ಕೆ ಸಿಗುವುದಿಲ್ಲ.

ಈ ಮಾತುಗಳಲ್ಲಿ ಬಹುಪಾಲು ಒಂದೇ ವ್ಯವಸ್ಥೆಗೆ ಸೇರಿದವು. ಆ ವ್ಯವಸ್ಥೆಗೆ ಇಂದಿನ ರೂಪ ಕೊಟ್ಟವರು ಫ್ರಾನ್ಸಿನ ಓಗುಸ್ಟ್ ಎಸ್ಕೋಫಿಯೇ. 1846ರಿಂದ 1935ರವರೆಗೆ ಬದುಕಿದ್ದ ಅವರ ಹೆಸರು ಸಾಮಾನ್ಯವಾಗಿ ಕೆಲವು ಪ್ರಸಿದ್ಧ ತಿನಿಸುಗಳ ಜೊತೆಗೆ ಬರುತ್ತದೆ. ಆ ತಿನಿಸುಗಳನ್ನು ಇಂದು ಮಾಡುವವರು ಕಡಿಮೆ. ನೂರಾರು ಜನರಿಗೆ, ಪ್ರತಿಯೊಬ್ಬರಿಗೂ ಅವರವರು ಕೇಳಿದ್ದನ್ನೇ, ಬಿಸಿಯಾಗಿ, ಹೊತ್ತಿಗೆ ಸರಿಯಾಗಿ ಬಡಿಸಬೇಕಾದರೆ ಅಡುಗೆಮನೆಯನ್ನು ಹೇಗೆ ಕಟ್ಟಬೇಕು ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಮಾತ್ರ ಇಂದಿಗೂ ಬಳಕೆಯಲ್ಲಿದೆ. ಹಾಗಾಗಿ ಈ ಲೇಖನದಲ್ಲಿ ಅವರ ಬದುಕಿನ ಜೊತೆಗೆ ಆ ಉತ್ತರದ ವಿವರಣೆಯೂ ಇದೆ.

ಅವರಿಗಿಂತ ಮೊದಲು ಫ್ರೆಂಚ್ ಔತಣ ಹೇಗಿತ್ತು?

ಹದಿನೆಂಟನೆಯ ಶತಮಾನದ ಕೊನೆಯವರೆಗೂ ಫ್ರಾನ್ಸಿನ ಒಳ್ಳೆಯ ಅಡುಗೆಯವರು ಅರಸರ ಮತ್ತು ಶ್ರೀಮಂತರ ಮನೆಗಳಲ್ಲಿ ಕೆಲಸಕ್ಕಿದ್ದರು. 1789ರ ಕ್ರಾಂತಿಯ ನಂತರ ಆ ಮನೆಗಳು ಚದುರಿಹೋದಾಗ ಅವರಲ್ಲಿ ಅನೇಕರು ಪ್ಯಾರಿಸ್ಸಿನಲ್ಲಿ ರೆಸ್ಟೋರೆಂಟುಗಳ ಕಡೆಗೆ ತಿರುಗಿದರು. ಈ ಕಾಲದ ಅತಿ ದೊಡ್ಡ ಹೆಸರು, 1833ರಲ್ಲಿ ತೀರಿಕೊಂಡ ಮಾರಿ-ಆಂಟ್ವಾನ್ ಕರೇಮ್ ಅವರದು. ಸಕ್ಕರೆ ಮತ್ತು ಹಿಟ್ಟಿನಿಂದ ಗೋಪುರ, ಗುಡಿ, ಸೇತುವೆಗಳನ್ನು ಕಟ್ಟಿ ಮೇಜಿನ ನಡುವೆ ನಿಲ್ಲಿಸುವುದು ಅವರ ವೈಶಿಷ್ಟ್ಯವಾಗಿತ್ತು. ಆ ಅಡುಗೆಯಲ್ಲಿ ರುಚಿಯಷ್ಟೇ ನೋಟಕ್ಕೂ ಬೆಲೆಯಿತ್ತು; ಕೆಲವೊಮ್ಮೆ ನೋಟಕ್ಕೇ ಹೆಚ್ಚು.

ಬಡಿಸುವ ಕ್ರಮವೂ ಅದಕ್ಕೆ ತಕ್ಕಂತಿತ್ತು. ಹತ್ತಾರು ಬಗೆಗಳನ್ನು ಒಂದೇ ಸಲ ಮೇಜಿನ ಮೇಲೆ ಹರಡಿ ಇಡಲಾಗುತ್ತಿತ್ತು. ಅತಿಥಿಗಳು ತಮ್ಮ ಕೈಗೆ ಎಟುಕಿದ್ದನ್ನು ಬಡಿಸಿಕೊಳ್ಳುತ್ತಿದ್ದರು. ನೋಡಲು ವೈಭವವಾಗಿದ್ದರೂ ತಿನ್ನುವ ಹೊತ್ತಿಗೆ ಎಲ್ಲವೂ ಆರಿರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ಬದಲಾಗಿ ‘ರಷ್ಯನ್ ಪದ್ಧತಿ’ ಎಂಬುದು ನಿಧಾನವಾಗಿ ಬಳಕೆಗೆ ಬಂತು. ಇದರಲ್ಲಿ ಬಗೆಗಳು ಒಂದಾದ ಮೇಲೊಂದರಂತೆ ಅಡುಗೆಮನೆಯಿಂದ ಬಿಸಿಬಿಸಿಯಾಗಿ ಬರುತ್ತವೆ. ಮೊದಲು ಸೂಪ್, ಆಮೇಲೆ ಮೀನು, ಆಮೇಲೆ ಮಾಂಸ, ಕೊನೆಗೆ ಸಿಹಿ ಎಂದು ಇಂದು ನಾವು ಕಾಣುವ ‘ಕೋರ್ಸ್’ಗಳ ಸಾಲು ಇಲ್ಲಿಂದಲೇ ಬಂದದ್ದು. ಉಣ್ಣುವವರಿಗೆ ಇದು ಸುಖ. ಅಡುಗೆಯವರಿಗೆ ಮಾತ್ರ ಹೊಸ ತಲೆನೋವು, ಏಕೆಂದರೆ ಮೊದಲೇ ಮಾಡಿಟ್ಟು ಅಲಂಕರಿಸುವ ಬದಲು ಪ್ರತಿಯೊಂದನ್ನೂ ಗೊತ್ತಾದ ಗಳಿಗೆಗೆ ಸಿದ್ಧಪಡಿಸಬೇಕಾಯಿತು. ಎಸ್ಕೋಫಿಯೇ ಈ ವೃತ್ತಿಗೆ ಕಾಲಿಟ್ಟದ್ದು ಈ ಬದಲಾವಣೆಯ ನಡುವೆ.

ಕಮ್ಮಾರನ ಮಗ

ಮೆಡಿಟರೇನಿಯನ್ ಕರಾವಳಿಯ ನೀಸ್ ನಗರದ ಹತ್ತಿರ ವಿಲ್‌ನವ್-ಲೂಬೆ ಎಂಬ ಊರಿದೆ. 1846ರ ಅಕ್ಟೋಬರ್ 28ರಂದು ಎಸ್ಕೋಫಿಯೇ ಹುಟ್ಟಿದ್ದು ಅಲ್ಲಿಯೇ. ತಂದೆಯದು ಕಮ್ಮಾರಿಕೆ. ಹುಡುಗನಿಗೆ ಶಿಲ್ಪಿಯಾಗುವ ಆಸೆಯಿತ್ತು. ಮನೆಯವರು ಅದಕ್ಕೆ ಒಪ್ಪದೆ, ಹದಿಮೂರನೆಯ ವಯಸ್ಸಿನಲ್ಲಿ ಅವನನ್ನು ನೀಸ್‌ನಲ್ಲಿ ರೆಸ್ಟೋರೆಂಟ್ ನಡೆಸುತ್ತಿದ್ದ ಚಿಕ್ಕಪ್ಪನ ಬಳಿ ಕೆಲಸ ಕಲಿಯಲು ಬಿಟ್ಟರು. ಆಗಿನ್ನೂ ನೀಸ್ ಫ್ರಾನ್ಸಿಗೆ ಸೇರಿರಲಿಲ್ಲ. ಸಾರ್ಡೀನಿಯಾ ರಾಜ್ಯದ ಭಾಗವಾಗಿದ್ದ ಆ ನಗರ ಫ್ರಾನ್ಸಿನ ಕೈಗೆ ಬಂದದ್ದು ಮರುವರ್ಷ, 1860ರಲ್ಲಿ.

ಚಿಕ್ಕಪ್ಪ ಸಂಬಂಧಿಕನೆಂದು ರಿಯಾಯಿತಿ ತೋರಿಸಿದವರಲ್ಲ. ಅಂದಿನ ಅಡುಗೆಮನೆಗಳು ಕಲ್ಲಿದ್ದಲಿನ ಕಾವು ಮತ್ತು ಹೊಗೆ ತುಂಬಿದ, ಗಾಳಿಯಾಡದ ನೆಲಮಾಳಿಗೆಗಳು. ಬಾಯಾರಿಕೆಗೆ ಮದ್ಯ ಕುಡಿಯುವುದು, ಬೈಯುವುದು, ಹೊಡೆಯುವುದು ಎಲ್ಲವೂ ನಡೆಯುತ್ತಿತ್ತು. ಮೈಕಟ್ಟಿನಲ್ಲಿ ಗಿಡ್ಡಗಿದ್ದ ಎಸ್ಕೋಫಿಯೇ ಒಲೆಯ ಎತ್ತರಕ್ಕೆ ಸರಿಹೋಗಲು ಎತ್ತರದ ಹಿಮ್ಮಡಿಯ ಬೂಟು ಹಾಕಿಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಮುಂದೆ ಅಧಿಕಾರ ಕೈಗೆ ಬಂದಾಗ ಅವರು ತಮ್ಮ ಅಡುಗೆಮನೆಗಳಲ್ಲಿ ಮದ್ಯವನ್ನೂ ಬೈಗುಳವನ್ನೂ ನಿಷೇಧಿಸಿದ್ದಕ್ಕೆ ಈ ಎಳೆಯ ವರ್ಷಗಳ ಅನುಭವವೇ ಕಾರಣವೆಂದು ಊಹಿಸುವುದು ತಪ್ಪಾಗಲಾರದು. ನಿಷೇಧಿಸಿ ಸುಮ್ಮನಾಗದೆ, ವೈದ್ಯರ ಸಲಹೆ ಪಡೆದು ಬಾರ್ಲಿಯ ಪಾನೀಯವೊಂದನ್ನು ಅಡುಗೆಯವರಿಗಾಗಿ ಇಡಿಸಿದ್ದರು.

1865ರಲ್ಲಿ ಅವರು ಪ್ಯಾರಿಸ್ಸಿಗೆ ಹೋಗಿ ‘ಲ ಪೆಟಿ ಮೂಲಾಂ ರೂಜ್’ ಎಂಬ ರೆಸ್ಟೋರೆಂಟ್ ಸೇರಿದರು. 1870ರಲ್ಲಿ ಪ್ರಷ್ಯಾದೊಂದಿಗೆ ಯುದ್ಧ ಶುರುವಾದಾಗ ಸೇನೆಯ ಅಡುಗೆಯವರಾಗಿ ಮೆಟ್ಸ್ ನಗರಕ್ಕೆ ಹೋಗಬೇಕಾಯಿತು. ಆ ನಗರ ಮುತ್ತಿಗೆಗೆ ಒಳಗಾಗಿ, ಹೊರಗಿನಿಂದ ಬರುವ ಆಹಾರ ನಿಂತು, ಸೈನಿಕರು ತಮ್ಮ ಕುದುರೆಗಳನ್ನೇ ತಿನ್ನುವ ಸ್ಥಿತಿ ಬಂತು. ಕುದುರೆಯ ಮಾಂಸದ ಕಹಿಯನ್ನು ಹೇಗೆ ತಗ್ಗಿಸಬೇಕು, ಇರುವ ಸ್ವಲ್ಪದರಲ್ಲಿ ಹೇಗೆ ದಿನ ದೂಡಬೇಕು ಎಂಬುದನ್ನು ಅವರು ಅಲ್ಲಿ ಕಲಿತರು. ಆಹಾರವನ್ನು ಡಬ್ಬಿಯಲ್ಲಿ ಕೆಡದಂತೆ ಇಡುವ ವಿಧಾನದ ಬಗ್ಗೆ ಅವರಿಗೆ ಜೀವನವಿಡೀ ಇದ್ದ ಆಸಕ್ತಿ ಮೊಳೆತದ್ದೂ ಇದೇ ಕಾಲದಲ್ಲಿ. ಟೊಮೇಟೊವನ್ನು ಡಬ್ಬಿಯಲ್ಲಿ ತುಂಬಿಸಿ ಮಾರಾಟಕ್ಕೆ ತರಲು ಶ್ರಮಿಸಿದವರ ಪೈಕಿ ಮುಂದೆ ಅವರೂ ಒಬ್ಬರಾದರು. ಅಕ್ಟೋಬರ್ ಕೊನೆಗೆ ಮೆಟ್ಸ್ ಶರಣಾಯಿತು, ಎಸ್ಕೋಫಿಯೇ ಸೆರೆಯಾಳಾದರು. ಸೇನೆಯಲ್ಲಿ ಅವರು ಹತ್ತಿರದಿಂದ ಕಂಡ ಇನ್ನೊಂದು ಸಂಗತಿ ಶಿಸ್ತಿನ ಶ್ರೇಣಿ: ಯಾರ ಮಾತನ್ನು ಯಾರು ಕೇಳಬೇಕು, ಯಾವ ಕೆಲಸ ಯಾರದು ಎಂಬುದರಲ್ಲಿ ಅಲ್ಲಿ ಗೊಂದಲವಿರಲಿಲ್ಲ.

ರಿಟ್ಜ್ ಸಿಕ್ಕ ಮೇಲೆ

ಯುದ್ಧದ ನಂತರದ ವರ್ಷಗಳಲ್ಲಿ ಅವರು ಕಾನ್ ನಗರದಲ್ಲಿ ತಮ್ಮದೇ ರೆಸ್ಟೋರೆಂಟ್ ತೆರೆದರು, ಡೆಲ್ಫಿನ್ ಡಾಫಿ ಎಂಬವರನ್ನು ಮದುವೆಯಾದರು, ಮತ್ತೆ ಬೇರೆಯವರ ಅಡುಗೆಮನೆಗಳಲ್ಲಿ ದುಡಿದರು. ಅವರ ಬದುಕಿನ ದಿಕ್ಕು ಬದಲಾದದ್ದು 1884ರಲ್ಲಿ, ಮಾಂಟೆ ಕಾರ್ಲೋದ ಗ್ರ್ಯಾಂಡ್ ಹೋಟೆಲಿನ ಅಡುಗೆಯ ಹೊಣೆ ಹೊತ್ತಾಗ. ಆ ಹೋಟೆಲಿನ ವ್ಯವಸ್ಥಾಪಕರು ಸ್ವಿಟ್ಜರ್‌ಲೆಂಡಿನ ರೈತ ಕುಟುಂಬದಿಂದ ಬಂದಿದ್ದ ಸೆಜಾರ್ ರಿಟ್ಜ್. ಚಳಿಗಾಲ ಮಾಂಟೆ ಕಾರ್ಲೋದಲ್ಲಿ, ಬೇಸಿಗೆ ಲೂಸರ್ನ್ ನಗರದ ಹೋಟೆಲ್ ನ್ಯಾಷನಲ್‌ನಲ್ಲಿ ಎಂದು ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು. ಅತಿಥಿಯ ಕಣ್ಣಿಗೆ ಬೀಳುವುದೆಲ್ಲ ರಿಟ್ಜ್ ಪಾಲು. ಅವರ ತಟ್ಟೆಗೆ ಬರುವುದೆಲ್ಲ ಎಸ್ಕೋಫಿಯೇ ಪಾಲು.

ಇಂಥ ಜೋಡಿಗೆ ಅವಕಾಶ ಸಿಕ್ಕಿದ್ದಕ್ಕೆ ಕಾಲದ ಬದಲಾವಣೆಯೂ ಕಾರಣ. ರೈಲು ಮತ್ತು ಉಗಿಹಡಗುಗಳಿಂದ ಯುರೋಪಿನ ಸಿರಿವಂತರು, ಅವರ ಹಿಂದೆಯೇ ಅಮೆರಿಕದ ಹೊಸ ಸಿರಿವಂತರು, ಊರೂರು ಸುತ್ತತೊಡಗಿದ್ದರು. ಹಿಂದಿನ ಹೋಟೆಲುಗಳಲ್ಲಿ ಊಟಕ್ಕೆ ಗೊತ್ತಾದ ಒಂದು ಹೊತ್ತು, ಎಲ್ಲರಿಗೂ ಒಂದೇ ಉದ್ದನೆಯ ಮೇಜು, ಎಲ್ಲರಿಗೂ ಒಂದೇ ಅಡುಗೆ ಇರುತ್ತಿತ್ತು. ಹೊಸ ಅತಿಥಿಗಳಿಗೆ ಬೇಕಾಗಿದ್ದುದು ತಮ್ಮದೇ ಮೇಜು, ತಮಗೆ ಅನುಕೂಲವಾದ ಹೊತ್ತು, ಪಟ್ಟಿ ನೋಡಿ ತಾವೇ ಆರಿಸಿಕೊಂಡ ಬಗೆಗಳು. ಹೀಗೆ ಆರಿಸಿಕೊಂಡು, ತೆಗೆದುಕೊಂಡಷ್ಟಕ್ಕೆ ಮಾತ್ರ ಹಣ ಕೊಡುವ ಕ್ರಮವೇ ಆ ಲಾ ಕಾರ್ಟ್. ಪ್ಯಾರಿಸ್ಸಿನ ರೆಸ್ಟೋರೆಂಟುಗಳಲ್ಲಿ ಅದು ಆಗಲೇ ಇತ್ತು. ನೂರಾರು ಕೋಣೆಗಳ ಹೋಟೆಲಿನಲ್ಲಿ ಅದನ್ನು ನಡೆಸುವುದು ಬೇರೆಯದೇ ಸವಾಲು.

ಲಂಡನ್ನಿನಲ್ಲಿ 1889ರಲ್ಲಿ ಸವಾಯ್ ಹೋಟೆಲ್ ತೆರೆಯಿತು. ಸಂಗೀತ ನಾಟಕಗಳ ನಿರ್ಮಾಪಕ ರಿಚರ್ಡ್ ಡಾಯ್ಲಿ ಕಾರ್ಟ್ ಕಟ್ಟಿಸಿದ ಆ ಹೋಟೆಲಿನಲ್ಲಿ ವಿದ್ಯುತ್ ದೀಪ, ಲಿಫ್ಟ್ ಮುಂತಾದ ಅಂದಿನ ಅಚ್ಚರಿಗಳೆಲ್ಲ ಇದ್ದವು. ಅದನ್ನು ನಡೆಸಲು ಮಾಲೀಕರು ರಿಟ್ಜ್ ಅವರನ್ನು ಕರೆತಂದರು. 1890ರಲ್ಲಿ ಎಸ್ಕೋಫಿಯೇ ಬಂದು ಅಡುಗೆಮನೆಯನ್ನು ವಹಿಸಿಕೊಂಡರು. ಫ್ರೆಂಚ್ ಓದಲು ಬಾರದ ಇಂಗ್ಲಿಷ್ ಅತಿಥಿಗಳು ಮೆನು ಕೈಗೆ ಬಂದರೆ ಗಲಿಬಿಲಿಗೊಳ್ಳುವುದನ್ನು ಗಮನಿಸಿ, ನಾಲ್ಕು ಅಥವಾ ಹೆಚ್ಚು ಜನರು ಕೂಡಿ ಬಂದರೆ ಗೊತ್ತಾದ ಬೆಲೆಗೆ ತಾವೇ ಒಂದು ಪೂರ್ತಿ ಊಟವನ್ನು ರೂಪಿಸಿಕೊಡುವ ಏರ್ಪಾಡು ಮಾಡಿದರು. ಯಾರಿಗೆ ಯಾವ ದಿನ ಏನು ಬಡಿಸಲಾಯಿತೆಂಬ ದಾಖಲೆಯನ್ನೂ ಇಡುತ್ತಿದ್ದರು. ಅದೇ ಅತಿಥಿ ಮತ್ತೆ ಬಂದಾಗ ಅದೇ ಅಡುಗೆ ಮರುಕಳಿಸಬಾರದು. ಗೌರವಸ್ಥ ಮನೆತನದ ಹೆಂಗಸರು ಸಾರ್ವಜನಿಕವಾಗಿ ಹೊರಗೆ ಊಟ ಮಾಡುವುದು ಲಂಡನ್ನಿನಲ್ಲಿ ಸಹಜವೆನಿಸಿದ್ದಕ್ಕೆ ಸವಾಯ್‌ನ ಪಾಲು ಸಣ್ಣದಲ್ಲ.

ಬ್ರಿಗೇಡ್ ಎಂದರೆ ಏನು, ಅದು ಏಕೆ ಬೇಕಾಯಿತು?

ಎಸ್ಕೋಫಿಯೇ ಬರುವುದಕ್ಕೆ ಮೊದಲೂ ದೊಡ್ಡ ಅಡುಗೆಮನೆಗಳಲ್ಲಿ ವಿಭಾಗಗಳಿದ್ದವು. ಆದರೆ ಆ ವಿಭಾಗಗಳು ಒಂದನ್ನೊಂದು ನೋಡದೆ ಕೆಲಸ ಮಾಡುತ್ತಿದ್ದವು. ಒಂದು ತಿನಿಸು ಯಾವ ವಿಭಾಗದ್ದೋ ಅದಕ್ಕೆ ಬೇಕಾದ ಸಾಸ್, ತರಕಾರಿ, ಅಲಂಕಾರ ಎಲ್ಲವನ್ನೂ ಆ ವಿಭಾಗದವರೇ ಮೊದಲಿನಿಂದ ಕೊನೆಯವರೆಗೆ ಮಾಡಬೇಕಿತ್ತು. ಇದರಿಂದ ಒಂದೇ ಸಾಸನ್ನು ಮೂರು ಮೂಲೆಗಳಲ್ಲಿ ಮೂರು ಮಂದಿ ಮೂರು ರುಚಿಯಲ್ಲಿ ಕುದಿಸುವುದೂ, ಒಂದು ಮೇಜಿನ ನಾಲ್ಕು ಮಂದಿಗೆ ನಾಲ್ಕು ಬೇರೆ ಹೊತ್ತಿಗೆ ಊಟ ಬರುವುದೂ ಸಾಮಾನ್ಯವಾಗಿತ್ತು.

ಎಸ್ಕೋಫಿಯೇ ಕೆಲಸವನ್ನು ತಿನಿಸಿನ ಪ್ರಕಾರ ಹಂಚದೆ ಕೌಶಲದ ಪ್ರಕಾರ ಹಂಚಿದರು. ಹೀಗೆ ಕೆಲಸ ಹಂಚಿಕೊಂಡು ಒಬ್ಬ ಮುಖ್ಯಸ್ಥರ ಕೈಕೆಳಗೆ ದುಡಿಯುವ ಅಡುಗೆಯವರ ಪಡೆಯೇ ಬ್ರಿಗೇಡ್. ಇದನ್ನು ವಿವರಿಸಲು ಸಾಮಾನ್ಯವಾಗಿ ಕೊಡುವ ಉದಾಹರಣೆ ‘ಮೇಯರ್‌ಬೇರ್ ಮೊಟ್ಟೆ’ ಎಂಬ ತಿನಿಸಿನದು. ಅದರಲ್ಲಿ ಮೂರು ಭಾಗಗಳಿವೆ: ಬೆಣ್ಣೆಯಲ್ಲಿ ಬೇಯಿಸಿದ ಮೊಟ್ಟೆ, ಕೆಂಡದ ಮೇಲೆ ಸುಟ್ಟ ಕುರಿಯ ಮೂತ್ರಪಿಂಡ, ಟ್ರಫಲ್ ಎಂಬ ನೆಲದೊಳಗಿನ ಅಣಬೆಯ ಸಾಸ್. ಒಬ್ಬನೇ ಅಡುಗೆಯವನು ಇದನ್ನು ಮುಗಿಸಲು ಸುಮಾರು ಹದಿನೈದು ನಿಮಿಷ ಬೇಕಾಗುತ್ತಿತ್ತು. ಹೊಸ ಕ್ರಮದಲ್ಲಿ ಮೊಟ್ಟೆಯನ್ನು ಒಬ್ಬ, ಮಾಂಸವನ್ನು ಇನ್ನೊಬ್ಬ, ಸಾಸನ್ನು ಮತ್ತೊಬ್ಬ ಒಂದೇ ಗಳಿಗೆಯಲ್ಲಿ ಸಿದ್ಧಪಡಿಸುತ್ತಿದ್ದುದರಿಂದ ಕೆಲವೇ ನಿಮಿಷಗಳಲ್ಲಿ ತಟ್ಟೆ ಹೊರಡುತ್ತಿತ್ತು. ಮೊಟ್ಟೆ ಆರುತ್ತಿರಲಿಲ್ಲ, ಸಾಸ್ ಗಟ್ಟಿಯಾಗುತ್ತಿರಲಿಲ್ಲ.

ನಮ್ಮ ಉಡುಪಿ ಹೋಟೆಲಿನ ಒಳಮನೆಯನ್ನು ನೋಡಿದವರಿಗೆ ಈ ತರ್ಕ ಹೊಸದೆನಿಸಲಾರದು. ದೋಸೆಕಲ್ಲಿನ ಮುಂದೆ ನಿಂತವರು ಪಲ್ಯ ಮಾಡುವುದಿಲ್ಲ, ಚಟ್ನಿ ರುಬ್ಬುವವರು ಕಾಫಿ ಬೆರೆಸುವುದಿಲ್ಲ. ಸಪ್ಲೈಯರ್ ‘ಎರಡು ಮಸಾಲೆ, ಒಂದು ಖಾಲಿ’ ಎಂದು ಕೂಗಿದಾಗ ಎಲ್ಲರ ಕೈಯ ಕೆಲಸವೂ ಒಂದೇ ತಟ್ಟೆಗೆ ಬಂದು ಸೇರುತ್ತದೆ. ಇವೆರಡೂ ಒಂದರಿಂದೊಂದು ಬಂದವಲ್ಲ. ವ್ಯತ್ಯಾಸವೂ ಇದೆ: ಅಲ್ಲಿ ಬಗೆಗಳ ಸಂಖ್ಯೆ ನೂರಾರು, ಮತ್ತು ಪ್ರತಿಯೊಂದು ಹುದ್ದೆಗೂ ಹೆಸರು, ಅಧಿಕಾರ, ಬಡ್ತಿಯ ದಾರಿ ಬರಹದಲ್ಲಿ ಗೊತ್ತಾಗಿವೆ.

ಆ ಹುದ್ದೆಗಳನ್ನು ಮೇಲಿನಿಂದ ಕೆಳಕ್ಕೆ ನೋಡೋಣ. ಇಡೀ ಅಡುಗೆಮನೆಯ ಮುಖ್ಯಸ್ಥರು ಶೆಫ್ ದ ಕ್ವೀಸಿನ್. ನಾವು ‘ಶೆಫ್’ ಎಂದು ಚುಟುಕಾಗಿಸಿಕೊಂಡಿರುವುದು ಈ ಹೆಸರನ್ನೇ. ಅವರ ಕೈಕೆಳಗೆ, ಅವರಿಲ್ಲದಾಗ ಅವರ ಸ್ಥಾನದಲ್ಲಿ ನಿಲ್ಲುವವರು ಸೂ ಶೆಫ್. ಒಂದೊಂದು ವಿಭಾಗಕ್ಕೂ ಒಬ್ಬ ಮುಖ್ಯಸ್ಥ ಇರುತ್ತಾರೆ. ಅವರು ಶೆಫ್ ದ ಪಾರ್ಟಿ, ಅಂದರೆ ಇಂದಿನ ಹೋಟೆಲುಗಳ ‘ಸಿಡಿಪಿ’. ಅವರ ಕೆಳಗಿನ ಸಹಾಯಕರೇ ಕಮಿ. ಇದರಲ್ಲಿ ಒಂದು, ಎರಡು, ಮೂರು ಎಂಬ ದರ್ಜೆಗಳುಂಟು. ಅಂಕಿ ಕಡಿಮೆಯಾದಷ್ಟೂ ದರ್ಜೆ ಮೇಲು, ಆದ್ದರಿಂದ ‘ಕಮಿ ಟೂ’ ಆಗಿದ್ದವರು ‘ಕಮಿ ಒನ್’ ಆದರೆಂದರೆ ಅದು ಬಡ್ತಿ.

ವಿಭಾಗಗಳ ಪೈಕಿ ಸಾಸ್ ನೋಡಿಕೊಳ್ಳುವ ಸೋಸಿಯೇ ಎಂಬವರಿಗೆ ಎಲ್ಲಕ್ಕಿಂತ ಹೆಚ್ಚು ಮಾನ. ಹುರಿದ ಮತ್ತು ಸುಟ್ಟ ಮಾಂಸ ರೋಟಿಸ್ಸರ್ ಪಾಲಿಗೆ, ಮೀನು ಪ್ವಾಸೊನಿಯೇ ಪಾಲಿಗೆ, ಸೂಪ್, ತರಕಾರಿ ಮತ್ತು ಮೊಟ್ಟೆ ಆಂಟ್ರಮೆಟಿಯೇ ಪಾಲಿಗೆ. ತಣ್ಣಗಿನ ತಿನಿಸುಗಳನ್ನೂ ದಾಸ್ತಾನನ್ನೂ ಗಾರ್ಡ್ ಮಾಂಜೇ ನೋಡಿಕೊಂಡರೆ, ಸಿಹಿ ಮತ್ತು ಬೇಕರಿ ಪಾತಿಸಿಯೇ ಅವರದು. ಯಾವ ವಿಭಾಗದಲ್ಲಿ ಯಾರು ರಜೆ ಹಾಕಿದರೂ ಆ ಜಾಗಕ್ಕೆ ನಿಲ್ಲಬಲ್ಲ ‘ತೂರ್ನಾಂ’ ಒಬ್ಬರಿರುತ್ತಾರೆ. ಪಾತ್ರೆ ತೊಳೆಯುವವರಿಗೂ ಈ ಪಟ್ಟಿಯಲ್ಲಿ ಸ್ಥಾನವಿದೆ.

ಇಷ್ಟು ವಿಭಾಗಗಳಾದ ಮೇಲೆ ಅವುಗಳನ್ನು ಒಂದೇ ತಾಳಕ್ಕೆ ತರುವವರು ಬೇಕು. ಊಟದ ಕೋಣೆಯಿಂದ ಬಂದ ಚೀಟಿಯನ್ನು ಓದಿ ಗಟ್ಟಿಯಾಗಿ ಹೇಳುವವನನ್ನು ಹಿಂದೆ ‘ಬೊಗಳುವವನು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಎಸ್ಕೋಫಿಯೇ ಅದನ್ನು ‘ಸಾರುವವನು’ ಎಂದು ಬದಲಿಸಿ, ಅರಚದೆ ಸ್ಪಷ್ಟವಾಗಿ ಹೇಳಬೇಕೆಂದು ವಿಧಿಸಿದರು. ಚೀಟಿಗೂ ಮೂರು ಪ್ರತಿಗಳಿರುತ್ತಿದ್ದವು: ಒಂದು ಅಡುಗೆಮನೆಗೆ, ಒಂದು ಬಡಿಸುವವನ ಬಳಿಗೆ, ಒಂದು ಹಣದ ಲೆಕ್ಕಕ್ಕೆ. ಕೇಳಿದ್ದು, ಬಡಿಸಿದ್ದು, ವಸೂಲಾದದ್ದು ಮೂರೂ ತಾಳೆಯಾಗಬೇಕೆಂಬುದು ಇದರ ಉದ್ದೇಶ. ಇಂದು ಬಡಿಸುವವರ ಕೈಯ ಯಂತ್ರದಿಂದ ಆರ್ಡರ್ ಅಡುಗೆಮನೆಯ ಪ್ರಿಂಟರಿಗೂ ಬಿಲ್ ಕೌಂಟರಿಗೂ ಒಟ್ಟಿಗೆ ಹೋಗುವುದರ ಹಿಂದೆ ಇರುವುದೂ ಇದೇ ಉದ್ದೇಶ.

ತಾಯಿ ಸಾಸ್‌ಗಳು

ಫ್ರೆಂಚ್ ಅಡುಗೆಯಲ್ಲಿ ಸಾಸ್ ಎಂದರೆ ಬಾಟಲಿಯಲ್ಲಿ ಬರುವ ನಂಜಿಕೆ ಅಲ್ಲ. ಬೇಯಿಸಿದ ಮಾಂಸ, ಮೀನು ಅಥವಾ ತರಕಾರಿಗೆ ರುಚಿಯನ್ನೂ ತೇವವನ್ನೂ ಕೊಡುವ, ಅದರ ಜೊತೆಗೇ ಬಡಿಸುವ ಬಿಸಿ ದ್ರವ ಅದು. ಮಸಾಲೆಯನ್ನು ಅಷ್ಟಾಗಿ ಬಳಸದ ಆ ಅಡುಗೆಯಲ್ಲಿ ಒಂದು ತಿನಿಸನ್ನು ಇನ್ನೊಂದರಿಂದ ಬೇರ್ಪಡಿಸುವುದು ಬಹಳ ಮಟ್ಟಿಗೆ ಸಾಸ್‌ನ ಕೆಲಸ. ಆದ್ದರಿಂದಲೇ ಸಾಸ್‌ಗಳ ಹೆಸರುಗಳು ನೂರಾರು.

ಈ ನೂರಾರನ್ನು ಕೆಲವೇ ಮೂಲ ಸಾಸ್‌ಗಳಿಂದ ಹುಟ್ಟಿಸಬಹುದೆಂದು ಕರೇಮ್ ಹೇಳಿದ್ದರು. ಎಸ್ಕೋಫಿಯೇ ಆ ವಿಂಗಡಣೆಯನ್ನು ತಿದ್ದಿ ಸರಳಗೊಳಿಸಿದರು. ಇಂದು ಅಡುಗೆ ಶಾಲೆಗಳಲ್ಲಿ ಅವರ ಹೆಸರಿನಲ್ಲಿ ಕಲಿಸುವ ಮೂಲ ಸಾಸ್‌ಗಳು ಐದು. ಇವುಗಳಲ್ಲಿ ಹೆಚ್ಚಿನವಕ್ಕೆ ಆಧಾರ ‘ರೂ’, ಅಂದರೆ ಬೆಣ್ಣೆಯಲ್ಲಿ ಹುರಿದ ಮೈದಾ. ಹುರಿದಷ್ಟೂ ಅದರ ಬಣ್ಣ ಬಿಳಿಯಿಂದ ಕಂದಿಗೆ ತಿರುಗುತ್ತದೆ. ಬಿಳಿ ರೂಗೆ ಹಾಲು ಸೇರಿಸಿ ಕುದಿಸಿದರೆ ಬೆಶಮೆಲ್. ತಿಳಿ ಬಣ್ಣದ ರೂಗೆ ಕೋಳಿ, ಮೀನು ಅಥವಾ ಕರುವಿನ ಎಲುಬಿನ ತಿಳಿಸಾರು ಸೇರಿದರೆ ವೆಲುಟೇ. ಕಂದು ರೂಗೆ, ಹುರಿದ ಎಲುಬಿನಿಂದ ಇಳಿಸಿದ ಗಾಢ ಸಾರು ಮತ್ತು ಸ್ವಲ್ಪ ಟೊಮೇಟೊ ಸೇರಿದರೆ ಎಸ್ಪಾನ್ಯೋಲ್. ನಾಲ್ಕನೆಯದು ಟೊಮೇಟೊ ಸಾಸ್. ಐದನೆಯ ಹಾಲೆಂಡೇಸ್‌ಗೆ ಮಾತ್ರ ಹಿಟ್ಟು ಬೇಡ; ಮೊಟ್ಟೆಯ ಹಳದಿಯನ್ನು ಸಣ್ಣ ಕಾವಿನಲ್ಲಿ ಕಡೆಯುತ್ತ ಕರಗಿದ ಬೆಣ್ಣೆಯನ್ನು ಎಳೆಯಾಗಿ ಸುರಿದು, ನಿಂಬೆರಸದಿಂದ ಹದಗೊಳಿಸುತ್ತಾರೆ.

ಬೆಶಮೆಲ್‌ಗೆ ಚೀಸ್ ಬೆರೆಸಿದರೆ ಮೊರ್ನೇ, ವೆಲುಟೇಗೆ ಕೆನೆ ಬೆರೆಸಿದರೆ ಸುಪ್ರೀಮ್ ಎಂದು ಹೀಗೆ ಮರಿ ಸಾಸ್‌ಗಳ ಸಾಲು ಬೆಳೆಯುತ್ತದೆ. ಐದನ್ನು ಬೆಳಿಗ್ಗೆಯೇ ಸಿದ್ಧವಿಟ್ಟುಕೊಂಡರೆ ಸಂಜೆ ಯಾರು ಯಾವ ತಿನಿಸನ್ನು ಕೇಳಿದರೂ ಅದಕ್ಕೆ ಬೇಕಾದ ಸಾಸನ್ನು ಕ್ಷಣಗಳಲ್ಲಿ ಮಾಡಬಹುದು. ಬ್ರಿಗೇಡ್ ಮತ್ತು ತಾಯಿ ಸಾಸ್ ಎರಡೂ ಒಂದೇ ಯೋಚನೆಯ ಎರಡು ಮುಖಗಳೆಂದು ನನಗನ್ನಿಸುವುದು ಇದಕ್ಕೇ: ಮೊದಲೇ ಮಾಡಬಹುದಾದ್ದನ್ನು ಮೊದಲೇ ಮಾಡು, ಕೊನೆಯ ಗಳಿಗೆಗೆ ಕಡಿಮೆ ಕೆಲಸ ಉಳಿಸು. ಅಂದಹಾಗೆ, ಬೆಂಗಳೂರಿನ ಕಾಲೇಜು ರಸ್ತೆಗಳ ಕೆಫೆಗಳಲ್ಲಿ ‘ವೈಟ್ ಸಾಸ್ ಪಾಸ್ತಾ’ ಎಂದು ಸಿಗುವುದರಲ್ಲಿರುವ ಬಿಳಿ ಸಾಸ್ ಈ ಬೆಶಮೆಲ್‌ನದೇ ರೂಪ.

ಎಲುಬಿನ ಸಾರಿಗೆ, ಅಂದರೆ ಸ್ಟಾಕ್‌ಗೆ, ಎಸ್ಕೋಫಿಯೇ ಕೊಟ್ಟ ಮಹತ್ವಕ್ಕೆ ವಿಜ್ಞಾನದ ಬೆಂಬಲ ಸಿಕ್ಕಿದ್ದು ಆಮೇಲೆ. ಸಿಹಿ, ಹುಳಿ, ಉಪ್ಪು, ಕಹಿಗಳಲ್ಲಿ ಯಾವುದಕ್ಕೂ ಸೇರದ ಆ ತುಂಬಿದ ರುಚಿಗೆ ಗ್ಲುಟಮೇಟ್ ಕಾರಣವೆಂದು ಜಪಾನಿನ ರಸಾಯನವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಗುರುತಿಸಿ, ಅದನ್ನು ಉಮಾಮಿ ಎಂದು ಕರೆದರು.

ಪೀಚ್ ಮೆಲ್ಬಾ

ಆಸ್ಟ್ರೇಲಿಯಾದ ಗಾಯಕಿ ನೆಲ್ಲಿ ಮೆಲ್ಬಾ 1890ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ನಿನಲ್ಲಿ ಹಾಡುತ್ತ ಸವಾಯ್‌ನಲ್ಲಿ ತಂಗುತ್ತಿದ್ದರು. ಅವರು ಹಾಡಿದ ಒಪೆರಾದಲ್ಲಿ ಹಂಸವೊಂದು ದೋಣಿ ಎಳೆದು ತರುವ ದೃಶ್ಯವಿದ್ದುದರಿಂದ, ಮಂಜುಗಡ್ಡೆಯಲ್ಲಿ ಹಂಸ ಕೆತ್ತಿಸಿ ಅದರ ನಡುವೆ ವೆನಿಲಾ ಐಸ್‌ಕ್ರೀಮಿನ ಮೇಲೆ ಪೀಚ್ ಹಣ್ಣುಗಳನ್ನಿಟ್ಟು ಎಸ್ಕೋಫಿಯೇ ಬಡಿಸಿದರು. ಇಂದು ನಾವು ಕಾಣುವ ಕೆಂಪು ರಾಸ್‌ಬೆರಿ ರಸ ಅದಕ್ಕೆ ಸೇರಿದ್ದು ಕೆಲವು ವರ್ಷಗಳ ನಂತರ. ಮೇಣದ ಹೂಗಳನ್ನು ಮಾಡುವ ಕಲೆಯ ಬಗ್ಗೆ ಪುಸ್ತಕ ಬರೆದಿದ್ದ, ಶಿಲ್ಪಿಯಾಗಲು ಬಯಸಿದ್ದ ಮನುಷ್ಯ ಇಂಥ ಅಲಂಕಾರಕ್ಕೆ ಕೈಹಾಕಿದ್ದು ಸಹಜವೇ. ಆದರೂ ಕಣ್ಣಿಗಷ್ಟೇ ಇರುವ, ತಿನ್ನಲಾಗದ ಅಲಂಕಾರವನ್ನು ತಟ್ಟೆಯಿಂದ ತೆಗೆದುಹಾಕಬೇಕೆಂಬುದು ವರ್ಷ ಕಳೆದಂತೆ ಅವರ ಗಟ್ಟಿ ನಿಲುವಾಯಿತು.

1898ರಲ್ಲಿ ನಡೆದದ್ದು

ಎಸ್ಕೋಫಿಯೇ ಬಗ್ಗೆ ಬರೆಯುವ ಹಲವರು ಹಾರಿಸಿಬಿಡುವ ಅಧ್ಯಾಯ ಇದು. 1898ರ ಮಾರ್ಚ್‌ನಲ್ಲಿ ಸವಾಯ್ ಆಡಳಿತವು ರಿಟ್ಜ್ ಅವರನ್ನೂ ಎಸ್ಕೋಫಿಯೇ ಅವರನ್ನೂ ಹಠಾತ್ತನೆ ಕೆಲಸದಿಂದ ತೆಗೆದುಹಾಕಿತು. ಅಡುಗೆಯವರಲ್ಲಿ ಕೆಲವರು ಪ್ರತಿಭಟಿಸಿದರು, ಪೊಲೀಸರು ಬರಬೇಕಾಯಿತು. ಹೋಟೆಲಿನ ಲೆಕ್ಕದಲ್ಲಿ 3,400 ಪೌಂಡ್‌ಗೂ ಹೆಚ್ಚು ಬೆಲೆಯ ಮದ್ಯ ಕಾಣೆಯಾಗಿತ್ತು, ಅಡುಗೆಮನೆ ನಷ್ಟದಲ್ಲಿತ್ತು.

ಎಸ್ಕೋಫಿಯೇ ಮೇಲಿನ ಆರೋಪ ಸಾಮಾನು ಪೂರೈಸುವವರಿಂದ ಶೇ. 5ರಷ್ಟು ಕಮಿಷನ್ ಪಡೆದರೆಂಬುದು. ಪೂರೈಕೆದಾರರು ಕಮಿಷನ್ ಕೊಟ್ಟ ನಷ್ಟವನ್ನು ತುಂಬಿಕೊಳ್ಳಲು ಬಿಲ್ಲಿನಲ್ಲಿ ಬರೆದದ್ದಕ್ಕಿಂತ ಕಡಿಮೆ ಸಾಮಾನು ಕಳಿಸುತ್ತಿದ್ದರು, ಆ ಹೊರೆ ಹೋಟೆಲಿನ ಮೇಲೆ ಬೀಳುತ್ತಿತ್ತು. 1900ರ ಜನವರಿಯಲ್ಲಿ ಅವರು ತಪ್ಪೊಪ್ಪಿಗೆಗೆ ಸಹಿ ಹಾಕಿ 8,000 ಪೌಂಡ್ ಹಿಂದಿರುಗಿಸಲು ಒಪ್ಪಿದರು. ಕೈಯಲ್ಲಿದ್ದುದು ಅಷ್ಟೇ ಆದ್ದರಿಂದ ಕಡೆಗೆ 500 ಪೌಂಡ್ ಮಾತ್ರ ಕೊಟ್ಟರು. ಇದೆಲ್ಲ ಗುಟ್ಟಾಗಿಯೇ ಇತ್ತು, ದಾಖಲೆಗಳು ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 1980ರ ದಶಕದಲ್ಲಿ. ಪೂರೈಕೆದಾರರಿಂದ ಕಮಿಷನ್ ಪಡೆಯುವುದು ಆ ಕಾಲದ ಅಡುಗೆಮನೆಗಳಲ್ಲಿ ಅಪರೂಪವಾಗಿರಲಿಲ್ಲ ಎಂದು ಸಮರ್ಥಿಸುವವರಿದ್ದಾರೆ. ಸಹಿ ಹಾಕಿದ ತಪ್ಪೊಪ್ಪಿಗೆಯನ್ನು ಅಷ್ಟರಿಂದ ಅಳಿಸಲಾಗುವುದಿಲ್ಲ. ಇನ್ನೊಂದು ಕಡೆ, ಅದೇ ಸವಾಯ್‌ನಲ್ಲಿ ಔತಣಗಳಿಗೆ ಲಾವುಗೆ ಹಕ್ಕಿಗಳ ಎದೆಯ ಭಾಗವನ್ನಷ್ಟೇ ಬಳಸಿ, ಉಳಿದ ಮಾಂಸವನ್ನು ಬಡ ವೃದ್ಧರನ್ನು ಸಾಕುತ್ತಿದ್ದ ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಅವರು ಕಳಿಸುತ್ತಿದ್ದುದೂ ದಾಖಲಾಗಿದೆ.

ಕೆಲಸ ಹೋದದ್ದರಿಂದ ಅವರ ವೃತ್ತಿಗೆ ಪೆಟ್ಟೇನೂ ಬೀಳಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಪ್ಯಾರಿಸ್ಸಿನ ವಾಂಡೋಮ್ ಚೌಕದಲ್ಲಿ ರಿಟ್ಜ್ ಹೋಟೆಲ್ ತೆರೆಯಿತು. ಅದರ ಅಡುಗೆಮನೆಯನ್ನು ಸಜ್ಜುಗೊಳಿಸಿದವರು ಎಸ್ಕೋಫಿಯೇ. ಮರುವರ್ಷ ಲಂಡನ್ನಿನಲ್ಲಿ ಕಾರ್ಲ್‌ಟನ್ ಹೋಟೆಲ್ ತೆರೆದಾಗ ಅವರು ಅಲ್ಲಿಗೆ ಮರಳಿ, ಸುಮಾರು 60 ಅಡುಗೆಯವರ ಬ್ರಿಗೇಡ್ ಕಟ್ಟಿ, ಎರಡು ದಶಕ ಅಲ್ಲಿಯೇ ಉಳಿದರು. ರಿಟ್ಜ್ ಮಾತ್ರ ಬೇಗ ಕುಸಿದರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಎಲ್ಲ ಸಿದ್ಧತೆ ಮಾಡಿಕೊಂಡಿದ್ದಾಗ ದೊರೆಯ ಅನಾರೋಗ್ಯದಿಂದ ಸಮಾರಂಭ ಮುಂದಕ್ಕೆ ಹೋದ ಸುದ್ದಿ ಬಂತು; ಆ ಒತ್ತಡದಲ್ಲಿ ಕೆಟ್ಟ ಅವರ ಮನಸ್ಸಿನ ಆರೋಗ್ಯ ಮತ್ತೆ ಮೊದಲಿನಂತಾಗಲಿಲ್ಲ.

5,000 ಪಾಕಗಳ ಕೈಪಿಡಿ

1903ರಲ್ಲಿ ಎಸ್ಕೋಫಿಯೇ ತಮ್ಮ ಮುಖ್ಯ ಗ್ರಂಥ ‘ಲ ಗಿಡ್ ಕ್ಯುಲಿನೇರ್’ ಅನ್ನು ಪ್ರಕಟಿಸಿದರು. ಫಿಲೆಯಾಸ್ ಗಿಲ್ಬೆರ್ ಮತ್ತು ಎಮಿಲ್ ಫೆಟ್ಯು ಅದರಲ್ಲಿ ನೆರವಾಗಿದ್ದರು. 1907ರಲ್ಲಿ ಇಂಗ್ಲಿಷಿಗೂ ಬಂದ ಆ ಪುಸ್ತಕದಲ್ಲಿ ಸುಮಾರು 5,000 ಪಾಕಗಳಿವೆ. ಮನೆಯಲ್ಲಿ ಅಡುಗೆ ಕಲಿಯುವವರು ಅದನ್ನು ತೆರೆದರೆ ನಿರಾಶರಾಗುವುದೇ ಹೆಚ್ಚು, ಏಕೆಂದರೆ ಎಷ್ಟೋ ಪಾಕಗಳು ಎರಡು ಮೂರು ಸಾಲುಗಳಲ್ಲಿ ಮುಗಿಯುತ್ತವೆ: ಇಂಥ ಮೀನನ್ನು ಇಂಥ ರೀತಿಯಲ್ಲಿ ಬೇಯಿಸಿ, ಇಂಥ ಸಾಸ್ ಹೊದಿಸಿ. ಆ ಸಾಸ್ ಹೇಗೆ ಮಾಡುವುದೆಂಬುದು ಹಿಂದಿನ ಅಧ್ಯಾಯದಲ್ಲಿರುತ್ತದೆ, ಅದಕ್ಕೆ ಬೇಕಾದ ಸಾರು ಇನ್ನೂ ಹಿಂದೆ. ಕೆಲಸ ಬಲ್ಲವರು ಮರೆತದ್ದನ್ನು ನೆನಪಿಸಿಕೊಳ್ಳಲು ಬರೆದ ಪುಸ್ತಕ ಅದು.

ಅದರ ಪರಿಣಾಮ ದೊಡ್ಡದು. ಒಂದು ತಿನಿಸಿನ ಹೆಸರು ಹೇಳಿದರೆ ಲಂಡನ್, ಕೈರೋ, ನ್ಯೂಯಾರ್ಕ್ ಎಲ್ಲಿಯ ಅಡುಗೆಯವರಾದರೂ ಒಂದೇ ಪಾಕವನ್ನು ಅರ್ಥಮಾಡಿಕೊಳ್ಳುವಂತಾಯಿತು. ತಮ್ಮ ಗುಟ್ಟುಗಳನ್ನು ಶಿಷ್ಯರಿಂದಲೂ ಮುಚ್ಚಿಡುತ್ತಿದ್ದ ಆ ವೃತ್ತಿಯಲ್ಲಿ ಎಲ್ಲವನ್ನೂ ಅಚ್ಚುಮಾಡಿಸಿ ಬಿಡಿ ಬೆಲೆಗೆ ಮಾರಾಟಕ್ಕಿಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಬ್ರಿಗೇಡ್ ಪದ್ಧತಿಯೂ ಹೀಗೆಯೇ ಹರಡಿತು: ಅವರ ಕೈಕೆಳಗೆ ಕಲಿತ ನೂರಾರು ಮಂದಿ ಬೇರೆ ಬೇರೆ ದೇಶಗಳ ಹೋಟೆಲುಗಳಿಗೂ, ಅಟ್ಲಾಂಟಿಕ್ ದಾಟುವ ಹಡಗುಗಳಿಗೂ ಹೋದರು. ಜರ್ಮನಿಯ ಹ್ಯಾಂಬರ್ಗ್-ಅಮೆರಿಕ ಕಂಪನಿಯ ಹಡಗುಗಳಲ್ಲಿನ ರೆಸ್ಟೋರೆಂಟುಗಳಿಗೆ ಎಸ್ಕೋಫಿಯೇ ಸ್ವತಃ ಸಲಹೆಗಾರರಾಗಿದ್ದರು. 1913ರಲ್ಲಿ ‘ಇಂಪೆರಾಟೋರ್’ ಹಡಗಿನಲ್ಲಿ ಊಟ ಮಾಡಿದ ಜರ್ಮನ್ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಅವರನ್ನು ‘ಬಾಣಸಿಗರ ಚಕ್ರವರ್ತಿ’ ಎಂದು ಹೊಗಳಿದರೆಂಬ ಕಥೆ ಎಲ್ಲ ಕಡೆ ಸಿಗುತ್ತದೆ. ಅದಕ್ಕೆ ಗಟ್ಟಿ ಆಧಾರವಿಲ್ಲ.

ಅಡುಗೆಯ ಹೊರಗೂ ಅವರ ಯೋಚನೆ ಹರಿದಿತ್ತು. ಬಡತನವನ್ನು ಪರಸ್ಪರ ನೆರವಿನ ಯೋಜನೆಯಿಂದ ನೀಗಿಸುವ ಬಗ್ಗೆ 1910ರಲ್ಲಿ ಅವರು ಒಂದು ಕಿರುಹೊತ್ತಿಗೆ ಹೊರತಂದರು. ಮೊದಲ ಮಹಾಯುದ್ಧದ ಆರಂಭದಲ್ಲೇ ಅವರ ಮಗ ಡಾನಿಯೆಲ್ ರಣರಂಗದಲ್ಲಿ ಸತ್ತ. 1920ರ ಹೊತ್ತಿಗೆ ನಿವೃತ್ತರಾಗಿ ಮಾಂಟೆ ಕಾರ್ಲೋಗೆ ಮರಳಿದ ಅವರಿಗೆ 1928ರಲ್ಲಿ ಫ್ರಾನ್ಸ್ ಸರ್ಕಾರ ಲೀಜನ್ ಆಫ್ ಆನರ್‌ನ ಆಫೀಸರ್ ದರ್ಜೆ ನೀಡಿತು. ಮನೆಯಡುಗೆಯವರಿಗಾಗಿ ಬರೆದ ಪುಸ್ತಕ 1934ರಲ್ಲಿ ಹೊರಬಂತು. 1935ರ ಫೆಬ್ರವರಿ 12ರಂದು, ಹೆಂಡತಿ ತೀರಿಕೊಂಡ ಕೆಲವೇ ದಿನಗಳಲ್ಲಿ, ಅವರೂ ತೀರಿಕೊಂಡರು. ಹುಟ್ಟಿದ ಮನೆ 1966ರಿಂದ ಅಡುಗೆ ಕಲೆಯ ವಸ್ತುಸಂಗ್ರಹಾಲಯವಾಗಿದೆ.

ಯಾವುದು ಉಳಿಯಿತು, ಯಾವುದು ಬದಲಾಯಿತು?

ಎಸ್ಕೋಫಿಯೇ ಅಡುಗೆಯ ವಿರುದ್ಧ ಮೊದಲ ದೊಡ್ಡ ಬಂಡಾಯ ಎದ್ದದ್ದು ಫ್ರಾನ್ಸಿನಲ್ಲೇ. ಪೋಲ್ ಬೋಕ್ಯುಸ್, ಮಿಶೆಲ್ ಗೆರಾರ್ ಮೊದಲಾದ ಬಾಣಸಿಗರು ಮಾಡುತ್ತಿದ್ದ ಹಗುರವಾದ ಅಡುಗೆಗೆ ವಿಮರ್ಶಕರಾದ ಆನ್ರಿ ಗೋ ಮತ್ತು ಕ್ರಿಸ್ಟಿಯಾನ್ ಮಿಯೋ 1973ರಲ್ಲಿ ‘ನುವೆಲ್ ಕ್ವೀಸಿನ್’, ಅಂದರೆ ಹೊಸ ಅಡುಗೆ ಎಂಬ ಹೆಸರಿನಲ್ಲಿ ಹತ್ತು ಸೂತ್ರಗಳನ್ನು ಕಟ್ಟಿಕೊಟ್ಟರು. ಹಿಟ್ಟಿನಿಂದ ಗಟ್ಟಿಗೊಳಿಸಿದ ಕಂದು ಸಾಸ್, ಬಿಳಿ ಸಾಸ್ ಬೇಡ, ಅತಿಯಾಗಿ ಬೇಯಿಸುವುದು ಬೇಡ, ಉದ್ದುದ್ದ ಮೆನು ಬೇಡ ಎಂಬುವು ಅವುಗಳಲ್ಲಿ ಕೆಲವು. ಹೆಚ್ಚುಕಡಿಮೆ ಇವೆಲ್ಲ ಎಸ್ಕೋಫಿಯೇ ಪುಸ್ತಕಕ್ಕೇ ಗುರಿಯಿಟ್ಟ ಬಾಣಗಳು. ಆದರೆ ಸರಳಗೊಳಿಸಬೇಕೆಂದು ಕರೇಮ್ ಪದ್ಧತಿಯ ವಿರುದ್ಧ ಎಸ್ಕೋಫಿಯೇ ಹೂಡಿದ್ದ ವಾದವೂ ಇದೇ ಆಗಿತ್ತು.

ಬಂಡಾಯಗಾರರು ಪಾಕಗಳನ್ನು ಬದಲಿಸಿದರು, ಅಡುಗೆಮನೆಯ ಏರ್ಪಾಡನ್ನು ಬದಲಿಸಲಿಲ್ಲ. ಭಾರತದ ದೊಡ್ಡ ಹೋಟೆಲುಗಳಲ್ಲಿ ಅದೇ ಏರ್ಪಾಡಿಗೆ ನಮ್ಮ ವಿಭಾಗಗಳು ಸೇರಿಕೊಂಡಿವೆ: ತಂದೂರಿಗೆ, ದಕ್ಷಿಣ ಭಾರತದ ಅಡುಗೆಗೆ, ಸಿಹಿತಿಂಡಿಯ ಹಲ್ವಾಯಿ ವಿಭಾಗಕ್ಕೆ ಬೇರೆ ಬೇರೆ ಸಿಡಿಪಿಗಳೂ ಕಮಿಗಳೂ ಇರುತ್ತಾರೆ. ಎಸ್ಕೋಫಿಯೇ ಕಾಲದ ದೊಡ್ಡ ಅಡುಗೆಮನೆಗಳು ಗಂಡಸರವೇ ಆಗಿದ್ದವು, ಈಗ ಹಾಗಿಲ್ಲ.

ಇಂದಿನ ಮುಖ್ಯ ಟೀಕೆ ಶ್ರೇಣಿಯ ಬಗ್ಗೆಯೇ ಇದೆ. ಮೇಲಿನವರ ಮಾತಿಗೆ ಎದುರಾಡಬಾರದೆಂಬ ಕಟ್ಟುಪಾಡು ದೌರ್ಜನ್ಯಕ್ಕೆ ದಾರಿಯಾಗುತ್ತದೆ, ಉದ್ದನೆಯ ಪಾಳಿ ಮತ್ತು ಕಡಿಮೆ ಸಂಬಳವನ್ನು ಕಲಿಕೆಯ ಹೆಸರಿನಲ್ಲಿ ಸಹಿಸಬೇಕಾಗುತ್ತದೆ ಎಂದು ಹಲವು ದೇಶಗಳ ಅಡುಗೆಯವರು ಬಹಿರಂಗವಾಗಿ ಹೇಳತೊಡಗಿದ್ದಾರೆ. ಟಿ.ವಿ.ಯಲ್ಲಿ ತಟ್ಟೆ ಎಸೆದು ಅರಚುವ ಶೆಫ್‌ಗಳನ್ನು ಕಂಡು ಇದೇ ಎಸ್ಕೋಫಿಯೇ ಕಟ್ಟಿದ ಪದ್ಧತಿ ಎಂದುಕೊಂಡರೆ ಅದು ಅರ್ಧ ಸರಿ. ಆಜ್ಞೆ ಮೇಲಿನಿಂದ ಕೆಳಗೆ ಹೋಗಬೇಕೆಂಬುದು ಅವರದೇ ನಿಯಮ. ಅದನ್ನು ಅರಚಿ ಹೇಳಬಾರದೆಂಬುದೂ ಅವರದೇ ನಿಯಮವಾಗಿತ್ತು; ಸಿಟ್ಟು ಬಂದಾಗ ಅವರು ತಮ್ಮ ಅಡುಗೆಮನೆಯಿಂದ ಹೊರಗೆ ಹೋಗಿ, ತಣ್ಣಗಾದ ಮೇಲೆ ಒಳಗೆ ಬರುತ್ತಿದ್ದರೆಂದು ಅವರನ್ನು ಬಲ್ಲವರು ಹೇಳಿದ್ದಾರೆ.